ಇಗುವಾಸು ಜಲಪಾತ: ಬ್ರೆಜಿಲ್‌ನಲ್ಲಿ ನಿಂತು ನೋಡಿ, ಅರ್ಜೆಂಟೀನಾದಲ್ಲಿ ನಡೆದು ನೋಡಿ

[ದೃಶ್ಯ: ಅಗಲವಾದ ಹೊಳೆ, ಅದರ ಮೇಲೆ ಕಬ್ಬಿಣದ ಕಾಲುಸೇತುವೆ. ನೀರು ಮಂದವಾಗಿ ಹರಿಯುತ್ತಿದೆ.]

ಈ ಹೊಳೆಯನ್ನು ಒಮ್ಮೆ ನೋಡಿ. ಎಷ್ಟು ಸಾಧುವಾಗಿ ಹರಿಯುತ್ತಿದೆ! ಇದರ ಮೇಲೆ ಸುಮಾರು 1,100 ಮೀಟರ್ ಉದ್ದದ ಕಾಲುದಾರಿ ಇದೆ. ನಡೆಯುತ್ತ ಹೋದ ಹಾಗೆ, ಮುಂದೆ ನೀರಿನ ಮಟ್ಟದಲ್ಲೇ ಬಿಳಿಯ ಆವಿ ಏಳುವುದು ಕಾಣುತ್ತದೆ. ಮೊರೆತ ಮೊದಲು ಎದೆಗೆ ತಟ್ಟುತ್ತದೆ, ಆಮೇಲೆ ಕಿವಿಗೆ. ಕಾಲುದಾರಿ ಮುಗಿಯುವಲ್ಲಿ ಹೊಳೆಯೂ ಮುಗಿಯುತ್ತದೆ. ಮೂರು ಕಡೆಯಿಂದ ನೀರು ಒಂದೇ ಕಮರಿಗೆ, ಸುಮಾರು 80 ಮೀಟರ್ ಕೆಳಕ್ಕೆ, ಧುಮುಕುತ್ತದೆ. ತಳ ಕಾಣುವುದಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಇದರ ಹೆಸರು ‘ಗರ್ಗಾಂತಾ ದೆಲ್ ದಿಯಾಬ್ಲೊ’, ಸೈತಾನನ ಗಂಟಲು. ನೀವು ನಿಂತಿರುವುದು ಅರ್ಜೆಂಟೀನಾದಲ್ಲಿ. ಎದುರಿನ ದಂಡೆ ಬ್ರೆಜಿಲ್. ಎರಡು ದೇಶಗಳ ಗಡಿ ಈ ಗಂಟಲಿನೊಳಗೇ ಹಾದುಹೋಗುತ್ತದೆ.

ನಮಸ್ಕಾರ. ಇವತ್ತು ಇಗುವಾಸು ಜಲಪಾತದ ಬಗ್ಗೆ ಮಾತನಾಡೋಣ.

[ದೃಶ್ಯ: ನಕ್ಷೆ. ಕುರಿಚಿಬಾ ನಗರದಿಂದ ಪಶ್ಚಿಮಕ್ಕೆ ಸಾಗುವ ನೀಲಿ ಗೆರೆ.]

ಕಾವೇರಿಯನ್ನು ಬಲ್ಲವರಿಗೆ ಈ ನದಿಯ ಸ್ವಭಾವ ಬೇಗ ಅರ್ಥವಾಗುತ್ತದೆ. ಕಾವೇರಿ ಅರಬ್ಬೀ ಸಮುದ್ರದ ಹತ್ತಿರವೇ ಹುಟ್ಟಿ, ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡುತ್ತಾಳೆ. ಇಗುವಾಸು ಕೂಡ ಅಟ್ಲಾಂಟಿಕ್ ಕರಾವಳಿಗೆ ಹತ್ತಿರದ ಬೆಟ್ಟಸಾಲಿನಲ್ಲಿ, ಬ್ರೆಜಿಲ್‌ನ ಕುರಿಚಿಬಾ ನಗರದ ಬಳಿ ಹುಟ್ಟಿ, ಕಡಲಿಗೆ ಬೆನ್ನು ಹಾಕಿ ಸುಮಾರು 1,300 ಕಿಲೋಮೀಟರ್ ಪಶ್ಚಿಮಕ್ಕೆ ಹರಿಯುತ್ತದೆ. ಕೊನೆಗೆ ಪರಾನಾ ನದಿಯನ್ನು ಸೇರುತ್ತದೆ. ಆ ಸಂಗಮಕ್ಕೆ ಸುಮಾರು 23 ಕಿಲೋಮೀಟರ್ ಮೊದಲು ಈ ಜಲಪಾತ.

ಇಲ್ಲಿನ ನೆಲ ಕೋಟ್ಯಂತರ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ, ಅಂದರೆ ಬಸಾಲ್ಟ್ ಶಿಲೆ. ಜಲಪಾತ ಮೊದಲು ಸಂಗಮದಲ್ಲೇ ಇತ್ತು. ನೀರು ಅಂಚನ್ನು ಕೊರೆಯುತ್ತ, ಬಂಡೆ ಕುಸಿಯುತ್ತ, ಅದು ಅಷ್ಟು ದೂರ ಹಿಂದಕ್ಕೆ ಸರಿದಿದೆ. ಹಾಗಾಗಿಯೇ ಇದು ಒಂದೇ ಧಾರೆಯಲ್ಲ. 2.7 ಕಿಲೋಮೀಟರ್ ಅಗಲಕ್ಕೆ ಹರಡಿದ, ಕೆಲವು ಕಡೆ ಎರಡು ಮೆಟ್ಟಿಲುಗಳಲ್ಲಿ ಬೀಳುವ ಸುಮಾರು 275 ಧಾರೆಗಳು. ಮಳೆಗಾಲದಲ್ಲಿ ಪಕ್ಕದ ಧಾರೆಗಳು ಒಂದಾಗುತ್ತವೆ, ಬರಗಾಲದಲ್ಲಿ ಕೆಲವು ಅಳಿಯುತ್ತವೆ, ಎಣಿಕೆಯೂ ಬದಲಾಗುತ್ತದೆ. 253 ಮೀಟರ್ ಎತ್ತರದ ನಮ್ಮ ಜೋಗದ ಮುಂದೆ ಇದು ಕುಳ್ಳು. ಆದರೆ ಇಗುವಾಸುವಿನ ಬಲ ಎತ್ತರದಲ್ಲಿಲ್ಲ, ಹರಹಿನಲ್ಲಿದೆ. ಈ ಸೀಮೆಯ ಮೂಲನಿವಾಸಿಗಳಾದ ಗ್ವಾರಾನಿ ಜನರ ಭಾಷೆಯಲ್ಲಿ ಹೆಸರಿನ ಅರ್ಥವೇ ‘ದೊಡ್ಡ ನೀರು’.

[ದೃಶ್ಯ: ಬ್ರೆಜಿಲ್ ದಂಡೆಯಿಂದ ಇಡೀ ಜಲಪಾತದ ಸಾಲು.]

ಒಂದೇ ದಂಡೆ ನೋಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಧಾರೆಗಳಲ್ಲಿ ಸುಮಾರು ಶೇ 80ರಷ್ಟು ಅರ್ಜೆಂಟೀನಾದ ಕಡೆ ಇವೆ. ಅಂದ ಮೇಲೆ ಅವುಗಳನ್ನು ಎದುರುಬದುರಾಗಿ ನೋಡಲು ಬ್ರೆಜಿಲ್‌ನಲ್ಲೇ ನಿಲ್ಲಬೇಕು! ಅಲ್ಲಿನ ಕಾಲುದಾರಿ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅರ್ಧ ದಿನದ ಕೆಲಸ. ಕೊನೆಯಲ್ಲಿ ಗಂಟಲಿನ ಬುಡದ ಕಡೆಗೆ ಚಾಚಿದ ಸೇತುವೆಯಲ್ಲಿ ಮೈಯೆಲ್ಲ ಒದ್ದೆ. ಅರ್ಜೆಂಟೀನಾಕ್ಕೆ ಮಾತ್ರ ಪೂರ್ತಿ ಒಂದು ದಿನ ಇಡಿ. ಅಲ್ಲಿ ಕಾಡಿನ ಪುಟ್ಟ ರೈಲು, ಧಾರೆಗಳ ನೆತ್ತಿಯ ಮೇಲೆ ಸಾಗುವ ಮೇಲಿನ ದಾರಿ, ಅವುಗಳ ಪಾದದ ಕಡೆಗೆ ಇಳಿಯುವ ಕೆಳಗಿನ ದಾರಿ, ಎಲ್ಲಕ್ಕೂ ಕೊನೆಗೆ ಸೈತಾನನ ಗಂಟಲು. ನನ್ನ ಸಲಹೆ, ಬ್ರೆಜಿಲ್ ಮೊದಲು. ಇಡೀ ಚಿತ್ರ ಕಣ್ಣಲ್ಲಿ ತುಂಬಿಕೊಂಡ ಮೇಲೆ ಅದರೊಳಗೆ ಹೊಕ್ಕರೆ, ನಾವೀಗ ಎಲ್ಲಿ ನಿಂತಿದ್ದೇವೆ ಎಂಬುದು ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ.

[ದೃಶ್ಯ: ನೀರಿನ ಪರದೆಯ ಮುಂದೆ ಕಪ್ಪು ಚುಕ್ಕೆಗಳು. ನಿಧಾನಗತಿ.]

ಗಂಟಲಿನ ಬಳಿ ಎಲ್ಲರೂ ನೀರನ್ನೇ ನೋಡುತ್ತಾರೆ. ನೀವು ಐದು ನಿಮಿಷ ಈ ಕಪ್ಪು ಚುಕ್ಕೆಗಳನ್ನು ನೋಡಿ. ಇವು ಬಾನಾಡಿ (ಸ್ವಿಫ್ಟ್) ಹಕ್ಕಿಗಳು. ಹುಳು ಹಿಡಿಯುತ್ತ ಗಾಳಿಯಲ್ಲಿ ಸುತ್ತುತ್ತವೆ. ಇದ್ದಕ್ಕಿದ್ದಂತೆ ಒಂದು ಹಕ್ಕಿ ರೆಕ್ಕೆ ಮಡಚಿ, ಬೀಳುವ ನೀರಿನೊಳಕ್ಕೇ ನುಗ್ಗಿ ಮಾಯವಾಗುತ್ತದೆ. ಸತ್ತಿತೆಂದು ಎದೆ ಧಸಕ್ಕೆನ್ನುತ್ತದೆ. ಸತ್ತಿಲ್ಲ. ಧಾರೆಯ ಹಿಂದಿನ ಒದ್ದೆ ಬಂಡೆಗೆ ಉಗುರು ಊರಿ ನೇತುಬಿದ್ದಿದೆ. ಅದರ ಗೂಡು ಅಲ್ಲೇ, ಮರಿಗಳೂ ಅಲ್ಲೇ. ಅರ್ಜೆಂಟೀನಾದ ಕಡೆಯ ಇಗುವಾಸು ರಾಷ್ಟ್ರೀಯ ಉದ್ಯಾನ ಈ ಹಕ್ಕಿಯನ್ನೇ ತನ್ನ ಲಾಂಛನ ಮಾಡಿಕೊಂಡಿದೆ. ಇದಕ್ಕಿಂತ ತಕ್ಕ ಆಯ್ಕೆ ಇರಲಾರದು.

[ದೃಶ್ಯ: ಕೆಂಪು ನೆರೆ, ಮುಚ್ಚಿದ ಕಾಲುದಾರಿ.]

ಸಾಮಾನ್ಯ ದಿನಗಳಲ್ಲಿ ಇಲ್ಲಿ ಸೆಕೆಂಡಿಗೆ ಸುಮಾರು 1,500 ಘನ ಮೀಟರ್ ನೀರು ಬೀಳುತ್ತದೆ. 2014ರ ಜೂನ್ ನೆರೆಯಲ್ಲಿ ಅದು 45,000 ಮೀರಿತು. 2023ರ ಅಕ್ಟೋಬರ್‌ನಲ್ಲೂ ನೆರೆ ಬಂದು ಕಾಲುದಾರಿಗಳು ಹಾನಿಗೊಂಡವು. 1978ರಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧ: ಬರದಿಂದ ಜಲಪಾತ ಬತ್ತಿಹೋಯಿತು. ಮೇಲ್ಭಾಗದಲ್ಲಿ ಬ್ರೆಜಿಲ್‌ನ ಜಲವಿದ್ಯುತ್ ಅಣೆಕಟ್ಟುಗಳ ಸಾಲೇ ಇದೆ. 1964ರ ಲಿಂಗನಮಕ್ಕಿಯ ನಂತರದ ಜೋಗವನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಇಗುವಾಸು ಉಳಿದಿದೆ. ಅದೇ ಸೀಮೆಯ ಇನ್ನೊಂದು ಗಡಿ ಜಲಪಾತ ಉಳಿಯಲಿಲ್ಲ. ಪರಾನಾ ನದಿಯ ಮೇಲೆ, ಬ್ರೆಜಿಲ್ ಮತ್ತು ಪರಗ್ವಾಯ್ ನಡುವೆ, ‘ಸೆಚಿ ಕೇದಾಸ್’ ಇತ್ತು. ಹರಿವಿನಲ್ಲಿ ಜಗತ್ತಿನ ಅತಿ ದೊಡ್ಡ ಜಲಪಾತಗಳಲ್ಲಿ ಒಂದು. 1982ರ ಜನವರಿಯಲ್ಲಿ, ಕೊನೆಯ ಬಾರಿ ನೋಡಲೆಂದು ಜನ ನುಗ್ಗಿದಾಗ ತೂಗುಸೇತುವೆ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಅದೇ ಅಕ್ಟೋಬರ್‌ನಲ್ಲಿ ಇತಾಯ್ಪು ಅಣೆಕಟ್ಟಿನ ಹಿನ್ನೀರು ಎರಡೇ ವಾರಗಳಲ್ಲಿ ಇಡೀ ಜಲಪಾತವನ್ನು ನುಂಗಿತು. ಇಗುವಾಸುವಿಗೆ ಹೋಗುವವರು ಆ ಹೆಸರನ್ನೂ ಅರಿತು ಹೋಗಬೇಕೆಂಬುದು ನನ್ನ ಆಸೆ.

[ದೃಶ್ಯ: ಗಡಿ ಸೇತುವೆ, ಪಾಸ್‌ಪೋರ್ಟ್, ಹಳದಿ ಕಾರ್ಡ್.]

ಇನ್ನು ಹೊರಡುವವರಿಗೆ. ಬ್ರೆಜಿಲ್‌ನ ಫೋಸ್ ದೊ ಇಗುವಾಸು, ಅರ್ಜೆಂಟೀನಾದ ಪುಯೆರ್ತೊ ಇಗುವಾಸು, ಈ ಎರಡು ಊರುಗಳ ನಡುವೆ ನದಿಯ ಮೇಲೆ ಒಂದೇ ಸೇತುವೆಯ ದೂರ. ಆದರೆ ದೇಶ ಎರಡು, ವೀಸಾದ ನಿಯಮವೂ ಎರಡು. ಎರಡನ್ನೂ ಮೊದಲೇ ನೋಡಿಕೊಳ್ಳಿ. ಉದ್ಯಾನದಲ್ಲಿ ಕೊವಾಟಿ ಎಂಬ ಉದ್ದ ಬಾಲದ ಪ್ರಾಣಿಗಳು ಕೈಚೀಲಕ್ಕೇ ಬಾಯಿ ಹಾಕುತ್ತವೆ. ಮುದ್ದಾಗಿವೆಯೆಂದು ತಿಂಡಿ ಕೊಡಬೇಡಿ, ಕಚ್ಚುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಈ ದೇಶಗಳಿಂದ ಭಾರತಕ್ಕೆ ಮರಳುವಾಗ ಅದರ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಲಸಿಕೆ ಹಾಕಿಸಿದ 10 ದಿನಗಳ ನಂತರವೇ ಆ ಪತ್ರಕ್ಕೆ ಮಾನ್ಯತೆ. ಆದ್ದರಿಂದ ವಿಮಾನದ ಟಿಕೆಟ್ ತೆಗೆದ ವಾರದಲ್ಲೇ ಅದನ್ನು ಹಾಕಿಸಿಕೊಂಡುಬಿಡಿ.