ಸೋಮವಾರ ಸಂಜೆ ಐದು ಗಂಟೆಯ ಪ್ರಾರ್ಥನೆ

ಪ್ರಿಯ ಸಹೋದರ ಸಹೋದರಿಯರೇ,

ಕನ್ನಡ ಸತ್ಯವೇದ ಓದುವ ನಮಗೆಲ್ಲ ಚಿಕ್ಕಂದಿನಿಂದ ಪರಿಚಯವಿರುವ ಮಾತು ‘ಸಮಾಧಾನ’. ಬೇರೆಯವರು ಶಾಂತಿ ಅನ್ನುವ ಕಡೆ ನಮ್ಮ ಸತ್ಯವೇದ ಹೆಚ್ಚಾಗಿ ಸಮಾಧಾನ ಅನ್ನುತ್ತದೆ. ಸಮಾಧಾನಪಡಿಸುವವರು ಧನ್ಯರು ಎಂದು ಬಾಯಿಪಾಠ ಮಾಡಿದವರು ನಾವು. ಆದರೆ ದಿನದ ಮಾತಿನಲ್ಲಿ ಅದನ್ನು ಹೇಗೆ ಬಳಸುತ್ತೇವೆ ನೋಡಿ. ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ. ಸಿಟ್ಟಾದವರಿಗೆ ‘ಹೋಗಲಿ ಬಿಡಿ, ಸಮಾಧಾನ ಮಾಡಿಕೊಳ್ಳಿ’ ಅನ್ನುತ್ತೇವೆ. ಅನ್ಯಾಯಕ್ಕೆ ಸಿಕ್ಕಿದವರಿಗೂ ಅದನ್ನೇ ಹೇಳಿ ಕಳಿಸಿಬಿಡುತ್ತೇವೆ. 85ನೆಯ ಕೀರ್ತನೆಯಲ್ಲಿ ನೀತಿಯೂ ಸಮಾಧಾನವೂ ಒಂದನ್ನೊಂದು ಮುದ್ದಿಡುತ್ತವೆ. ಆ ಜೋಡಿಯನ್ನು ಬಿಡಿಸಿ, ಸಮಾಧಾನವನ್ನಷ್ಟೇ ಇಟ್ಟುಕೊಂಡ ಸಭೆಗೆ ಲೋಕದ ನೋವು ಕೇಳಿಸುವುದಿಲ್ಲ.

ಒಂದು ಸ್ಥಳೀಯ ಸಭೆಗೂ ಲೋಕದ ಶಾಂತಿ, ನ್ಯಾಯದ ಕೆಲಸಕ್ಕೂ ಏನು ಸಂಬಂಧ ಎಂದು ಕೇಳಿದರೆ ನಮ್ಮ ಮನಸ್ಸು ತಟ್ಟನೆ ಜಿನೀವಾದ ಕಡೆ ಹೋಗುತ್ತದೆ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಚರ್ಚುಗಳ ವಿಶ್ವ ಮಂಡಳಿಯ ಕಚೇರಿ ಅಲ್ಲಿದೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೂ ಇವತ್ತು ನಿಮ್ಮನ್ನು ಕಚೇರಿಗೆ ಕರೆದೊಯ್ಯುವುದಿಲ್ಲ, ಎರಡು ದೇವಾಲಯಗಳಿಗೆ ಕರೆದೊಯ್ಯುತ್ತೇನೆ.

ಮೊದಲನೆಯದು ಪೂರ್ವ ಜರ್ಮನಿಯ ಲೈಪ್ಜಿಗ್ ಪಟ್ಟಣದ ನಿಕೊಲಾಯ್ ದೇವಾಲಯ. ಎರಡು ಜರ್ಮನಿಗಳಲ್ಲೂ ಅಣ್ವಸ್ತ್ರ ಕ್ಷಿಪಣಿಗಳ ಭಯ ಹಬ್ಬಿದ್ದ ಕಾಲ. 1982ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ರತಿ ಸೋಮವಾರ ಸಂಜೆ ಐದು ಗಂಟೆಗೆ ಶಾಂತಿಗಾಗಿ ಪ್ರಾರ್ಥನೆ ಶುರುವಾಯಿತು. ಸಭಾಪಾಲಕ ಕ್ರಿಸ್ಟಿಯಾನ್ ಫ್ಯೂರರ್ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟರು. ನಂಬಿಕೆ ಇಲ್ಲದವರು ಬಂದರು, ದೇಶ ಬಿಟ್ಟು ಹೋಗಲು ಅರ್ಜಿ ಹಾಕಿ ಸರ್ಕಾರದ ಕಣ್ಣಿಗೆ ಬಿದ್ದವರೂ ಬಂದರು. ಎಷ್ಟೋ ಸೋಮವಾರ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಗ ನಿಲ್ಲಿಸಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. ಏಳು ವರ್ಷ ಕಳೆದು 1989ರ ಅಕ್ಟೋಬರ್ 9ರ ಸೋಮವಾರ ಬಂದಾಗ, ಬೀದಿಗಿಳಿದವರ ಮೇಲೆ ಸರ್ಕಾರ ಗುಂಡು ಹಾರಿಸಬಹುದು ಎಂಬ ಹೆದರಿಕೆ ಪಟ್ಟಣದ ತುಂಬ ಇತ್ತು. ಬೇರೆಯವರಿಗೆ ಜಾಗ ಸಿಗದಿರಲೆಂದು ಆಳುವ ಪಕ್ಷವೇ ತನ್ನ ನೂರಾರು ಸದಸ್ಯರನ್ನು ಮಧ್ಯಾಹ್ನವೇ ದೇವಾಲಯದೊಳಗೆ ಕೂರಿಸಿತ್ತು. ಅವರೂ ಯೇಸುವಿನ ಬೆಟ್ಟದ ಪ್ರಸಂಗ ಕೇಳಬೇಕಾಯಿತು! ಪ್ರಾರ್ಥನೆ ಮುಗಿದು ಹೊರಗೆ ಬಂದರೆ ಬೀದಿಯಲ್ಲಿ ಸುಮಾರು 70,000 ಜನ. ಹಲವರ ಕೈಯಲ್ಲಿ ಮೇಣದ ಬತ್ತಿ. ಒಂದು ಕೈ ಬತ್ತಿ ಹಿಡಿದರೆ ಇನ್ನೊಂದು ಕೈ ಅದು ಆರದಂತೆ ಮರೆ ಹಿಡಿಯಬೇಕು. ಕಲ್ಲೆತ್ತಲು ಕೈ ಎಲ್ಲಿ ಉಳಿಯಿತು? ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆಯ ಗೇಟುಗಳು ತೆರೆದವು. ಗೋಡೆ ಬೀಳಲು ರಾಜಕೀಯದ ಕಾರಣಗಳೂ ಆರ್ಥಿಕ ಕಾರಣಗಳೂ ಹಲವಿದ್ದವು, ಅದನ್ನು ನಾನು ಮರೆಮಾಚುವುದಿಲ್ಲ. ನನ್ನ ಮನಸ್ಸು ನಿಲ್ಲುವುದು ನಾಲ್ಕೈದು ಜನ ಕೂತಿದ್ದ ಆ ಸೋಮವಾರಗಳ ಹತ್ತಿರ.

ಎರಡನೆಯದು ಲೈಬೀರಿಯಾದ ಮನ್ರೋವಿಯಾದ ಸಂತ ಪೇತ್ರರ ಲೂಥರನ್ ದೇವಾಲಯ. 1990ರ ಜುಲೈನಲ್ಲಿ, ಒಳಯುದ್ಧಕ್ಕೆ ಹೆದರಿ ಅಲ್ಲಿ ಆಶ್ರಯ ಪಡೆದಿದ್ದ ಸುಮಾರು 600 ಜನರನ್ನು ಸೈನಿಕರು ಒಂದೇ ರಾತ್ರಿಯಲ್ಲಿ ಕೊಂದರು. ಅಂಥ ಜಾಗಕ್ಕೆ ಬೀಗ ಹಾಕಿ ಹೊರಟುಹೋಗುವುದು ಸುಲಭವಿತ್ತು. ಆ ಸಭೆ ಅಲ್ಲೇ ಉಳಿಯಿತು. ಮುಂದೆ ಯುದ್ಧದಲ್ಲಿ ಮನಸ್ಸು ಮುರಿದವರನ್ನು, ಬಂದೂಕು ಹಿಡಿದಿದ್ದ ಹುಡುಗರನ್ನು ಕೂಡ, ಕೂರಿಸಿ ಕೇಳಿಸಿಕೊಳ್ಳುವ ಕೆಲಸ ಅಲ್ಲಿಂದಲೇ ನಡೆಯಿತು. ಆ ಕೆಲಸಕ್ಕೆ ಬಂದು ಸೇರಿದವರಲ್ಲಿ ಲೇಮಾ ಬೋವಿ ಎಂಬ ತಾಯಿ ಒಬ್ಬರು. 2003ರಲ್ಲಿ ಅವರ ಜೊತೆ ಕ್ರೈಸ್ತ ಹೆಂಗಸರೂ ಮುಸ್ಲಿಂ ಹೆಂಗಸರೂ ಬಿಳಿ ಬಟ್ಟೆ ತೊಟ್ಟು ಮೀನು ಮಾರುಕಟ್ಟೆಯ ಬಯಲಿನಲ್ಲಿ ದಿನವೂ ಕೂತರು, ಬಿಸಿಲಿಗೂ ಮಳೆಗೂ ಏಳದೆ. ಘಾನಾದ ಅಕ್ರಾದಲ್ಲಿ ನಡೆಯುತ್ತಿದ್ದ ಶಾಂತಿ ಮಾತುಕತೆ ಎಳೆದಾಡುತ್ತಿದ್ದಾಗ ಅಲ್ಲಿಗೂ ಹೋಗಿ, ಸಭಾಂಗಣದ ಬಾಗಿಲಿಗೆ ಅಡ್ಡ ಕೂತು ಮುಖಂಡರನ್ನು ಹೊರಗೆ ಬಿಡಲಿಲ್ಲ. ಆ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. 2011ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೂವರಲ್ಲಿ ಬೋವಿ ಒಬ್ಬರು. ಅವರು ಮಾಡಿದ್ದೂ ಸಮಾಧಾನವೇ. ಆದರೆ ‘ಹೋಗಲಿ ಬಿಡಿ’ ಅನ್ನುವ ಸಮಾಧಾನವಲ್ಲ.

ಸಂಬಂಧ ಅಂದರೆ ನಾವು ಕೊಡುವುದು, ಅವರು ತೆಗೆದುಕೊಳ್ಳುವುದು ಎಂದಷ್ಟೇ ತಿಳಿಯಬಾರದು. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಎರಡು ಸುಧಾರಿತ (ರಿಫಾರ್ಮ್ಡ್) ಚರ್ಚುಗಳು ವರ್ಣಭೇದ ನೀತಿಗೆ ಸತ್ಯವೇದದ ಸಮರ್ಥನೆ ಕೊಡುತ್ತಿದ್ದವು. 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ಸುಧಾರಿತ ಚರ್ಚುಗಳ ವಿಶ್ವ ಒಕ್ಕೂಟ ಆ ಸಮರ್ಥನೆಯನ್ನು ಪಾಷಂಡ ಬೋಧನೆ, ಅಂದರೆ ನಂಬಿಕೆಗೇ ವಿರುದ್ಧವಾದ ಬೋಧನೆ ಎಂದು ಸಾರಿ, ಆ ಚರ್ಚುಗಳ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ದೂರದ ಸಹೋದರರು ನಮ್ಮನ್ನು ತಿದ್ದಬಹುದು ಎಂದು ಒಪ್ಪಿಕೊಳ್ಳದೆ ಅವರನ್ನು ಸಹೋದರರು ಅನ್ನುವುದರಲ್ಲಿ ಅರ್ಥವಿಲ್ಲ.

ಸಾಲದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಯಾಜಕಕಾಂಡದ 25ನೆಯ ಅಧ್ಯಾಯದ ಜೂಬಿಲಿ ವರ್ಷವನ್ನು, ಅಂದರೆ ಮಾರಿದ ಭೂಮಿ ಮರಳಿ ಸಿಕ್ಕಿ ದಾಸರಿಗೆ ಬಿಡುಗಡೆಯಾಗುವ ಐವತ್ತನೆಯ ವರ್ಷವನ್ನು ಹಿಡಿದು, ಬಡ ದೇಶಗಳ ಸಾಲ ಮನ್ನಾ ಮಾಡಿ ಎಂದು ಹೊರಟ ಚಳವಳಿಗೆ ಅನೇಕ ದೇಶಗಳ ಸಭೆಗಳು ಸಹಿ ಸಂಗ್ರಹಿಸಿದವು. 1998ರ ಮೇ 16ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ದೇಶಗಳ ನಾಯಕರು ಸೇರಿದ್ದಾಗ ಸುಮಾರು 70,000 ಜನ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು. ಮರುವರ್ಷ ಕಲೋನ್‌ನಲ್ಲಿ ಸಾಲ ಪರಿಹಾರ ಹೆಚ್ಚಿಸಲು ಆ ನಾಯಕರು ಒಪ್ಪಿದರು.

ಇನ್ನು ನಮ್ಮ ಮಾತು. ನಮ್ಮ ಆರಾಧನೆಯಲ್ಲಿ ‘ಲೋಕದ ಸಮಾಧಾನಕ್ಕಾಗಿ’ ಎಂದು ಒಂದು ಸಾಲಿನಲ್ಲಿ ಬೇಡಿ ಮುಂದಿನದಕ್ಕೆ ಹೋಗುತ್ತೇವೆ. ಆ ಸಾಲಿಗೆ ಹೆಸರುಗಳು ಬೇಕು. ಯಾವ ದೇಶ, ಯಾವ ಪಟ್ಟಣ, ಅಲ್ಲಿನ ಯಾವ ಸಭೆ? ಒಂದೇ ಒಂದು ಸಭೆಯನ್ನು ಆರಿಸಿಕೊಳ್ಳೋಣ. ಅವರಿಗೆ ಪತ್ರ ಬರೆಯೋಣ. ನೀವು ನಮ್ಮಿಂದ ಏನು ಬಯಸುತ್ತೀರಿ ಎಂದು ಕೇಳೋಣ, ನಾವೇ ಊಹಿಸಿ ಕಾಣಿಕೆ ಕಳಿಸುವುದು ಬೇಡ. ಸುದ್ದಿಯಲ್ಲಿ ಆ ದೇಶದ ಹೆಸರು ಮರೆಯಾದ ಮೇಲೂ ಬರೆಯುತ್ತಿರೋಣ. ಸಭೆಯ ಹಣ ಎಲ್ಲೆಲ್ಲಿ ಹೂಡಿದೆ, ಅದು ಯಾರ ಕೈಗೆ ಯಾವ ಆಯುಧ ಕೊಡುತ್ತಿದೆ ಎಂದು ಖಜಾಂಚಿಯವರನ್ನು ಪ್ರೀತಿಯಿಂದಲೇ ಕೇಳೋಣ.

ವಾರದಲ್ಲಿ ಒಂದು ಸಂಜೆ ಇದಕ್ಕಾಗಿ ದೇವಾಲಯದ ಬಾಗಿಲು ತೆರೆಯಲು ಸಭಾಪಾಲಕರು ಒಪ್ಪಿದ್ದಾರೆ. ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಈಗ ನೀವು ಹೇಳಬೇಕು.