ಹಣ್ಣಿನ ಕರಾರು, ಕ್ರೇಟಿನ ಕರಾರು

ಕೇಳುಗರಿಗೆ ನಮಸ್ಕಾರ. ಶ್ರೀನಿವಾಸಪುರದ ಕಡೆ ತೋತಾಪುರಿ ಸುಗ್ಗಿ ಬಂದರೆ ಕರಾರುಗಳಿಗೂ ಸುಗ್ಗಿ. ಒಂದು ಕಲ್ಪಿತ ಜಗಳ ಹೇಳುತ್ತೇನೆ.

ಮಂಡಿ ವ್ಯಾಪಾರಿಯೊಬ್ಬರು ಮಾವಿನ ಪಲ್ಪ್ ಮಾಡುವ ಕಾರ್ಖಾನೆಗೆ ಹಣ್ಣು ಕೊಡಲು ಕರಾರು ಮಾಡಿಕೊಂಡರು. ತಕರಾರು ಬಂದರೆ ಕೋರ್ಟಿಗೆ ಹೋಗದೆ ಆರ್ಬಿಟ್ರೇಟರ್, ಅಂದರೆ ತೀರ್ಪು ಕೊಡುವ ಖಾಸಗಿ ಮಧ್ಯಸ್ಥರ ಮುಂದೆ ತೀರಿಸಿಕೊಳ್ಳುವುದು ಅಂತ ಅದರಲ್ಲಿದೆ. ಅದೇ ವಾರ ಕಾರ್ಖಾನೆಯ ಕ್ರೇಟುಗಳನ್ನು ಬಾಡಿಗೆಗೆ ಪಡೆಯಲು ಇನ್ನೊಂದು ಕರಾರು. ಅದರಲ್ಲಿ ಆರ್ಬಿಟ್ರೇಷನ್ ಮಾತೇ ಇಲ್ಲ. ಹಣ್ಣಿನ ಬಾಕಿ 18 ಲಕ್ಷ ಕೊಡಿಸಿ ಅಂತ ವ್ಯಾಪಾರಿ ಆರ್ಬಿಟ್ರೇಟರ್ ಹತ್ತಿರ ಹೋದರು. ಕಾರ್ಖಾನೆಯವರು ಸುಮ್ನೆ ಇರುತ್ತಾರಾ? ಬಾಡಿಗೆ, ವಾಪಸ್ ಬಾರದ ಕ್ರೇಟಿನ ಬೆಲೆ ಸೇರಿ ನಮಗೇ 6 ಲಕ್ಷ ಬರಬೇಕು ಎಂದರು. ಇದೇ ಕೌಂಟರ್ ಕ್ಲೇಮ್.

ಇದನ್ನು ಆರ್ಬಿಟ್ರೇಟರ್ ವಿಚಾರಿಸಬಹುದೇ? ಅವರ ಅಧಿಕಾರ ಬರುವುದು ಎರಡೂ ಕಡೆಯವರ ಲಿಖಿತ ಒಪ್ಪಿಗೆಯಿಂದ. 1996ರ ಆರ್ಬಿಟ್ರೇಷನ್ ಕಾಯ್ದೆಯ 23ನೇ ಸೆಕ್ಷನ್‌ಗೆ 2015ರಲ್ಲಿ ಒಂದು ಮಾತು ಸೇರಿತು. ಕೌಂಟರ್ ಕ್ಲೇಮ್ ಆರ್ಬಿಟ್ರೇಷನ್ ಒಪ್ಪಂದದ ವ್ಯಾಪ್ತಿಯೊಳಗೆ ಬಂದರೆ ಅದನ್ನೂ ಅಲ್ಲೇ ತೀರ್ಮಾನಿಸಬೇಕು.

ವ್ಯಾಪ್ತಿ ಎಷ್ಟು ಅನ್ನುವುದೇ ಜಗಳದ ಜೀವಾಳ. 'ಈ ಕರಾರಿನಿಂದ ಹುಟ್ಟುವ' ತಕರಾರು ಅಂತಷ್ಟೇ ಬರೆದಿದ್ದರೆ ಜಾಗ ಕಿರಿದು. 'ಇದಕ್ಕೆ ಸಂಬಂಧಪಟ್ಟ ಇತರ ವಿಷಯ' ಎಂದೂ ಇದ್ದರೆ ಬಾಗಿಲು ಅಗಲ. 1999ರ ಒಲಿಂಪಸ್ ಪ್ರಕರಣದಲ್ಲಿ ಫ್ಲ್ಯಾಟ್ ಮಾರಾಟಕ್ಕೊಂದು, ಒಳಾಂಗಣ ಕೆಲಸಕ್ಕೊಂದು ಕರಾರಿತ್ತು. ಮುಖ್ಯ ಕರಾರಿನಲ್ಲಿ ಇಂಥ ಅಗಲವಾದ ಮಾತಿದ್ದ ಕಾರಣ ಒಬ್ಬರೇ ಆರ್ಬಿಟ್ರೇಟರ್ ಎರಡನ್ನೂ ನೋಡಬಹುದು ಎಂದಿತು ಸುಪ್ರೀಂ ಕೋರ್ಟ್. 2017ರ ಗಂಗಾವರಂ ಬಂದರಿನ ಪ್ರಕರಣ ಬೇರೆ ದಾರಿ ಹಿಡಿಯಿತು. ಯೋಜನೆ ಒಂದೇ, ಆದರೆ ಬಿಡಿಬಿಡಿ ಕರಾರು, ಪ್ರತಿಯೊಂದಕ್ಕೂ ತನ್ನದೇ ಆರ್ಬಿಟ್ರೇಷನ್ ಷರತ್ತು. ಹಾಗಾಗಿ ಬೇರೆ ಬೇರೆ ಆರ್ಬಿಟ್ರೇಷನ್. ಮರುವರ್ಷ ಸೌರ ಘಟಕವೊಂದರ ನಾಲ್ಕು ಕರಾರುಗಳಲ್ಲಿ ಒಂದಕ್ಕೆ ಆ ಷರತ್ತೇ ಇರಲಿಲ್ಲ. ಎಲ್ಲವೂ ಒಂದೇ ಯೋಜನೆಗೆ ಹೆಣೆದವು ಅಂತ ಸುಪ್ರೀಂ ಕೋರ್ಟ್ ಒಟ್ಟಿಗೇ ಆರ್ಬಿಟ್ರೇಷನ್‌ಗೆ ಕಳಿಸಿತು.

ನಮ್ಮ ಕ್ರೇಟುಗಳ ಗತಿ? ಅವು ಈ ಹಣ್ಣಿಗೆ ಮಾತ್ರ ಕೊಟ್ಟವು ಅಂತ ಕಾಗದದಲ್ಲಿದ್ದರೆ ಕಾರ್ಖಾನೆಯ ವಾದಕ್ಕೆ ಬಲವಿದೆ. ಅದೇ ಕ್ರೇಟಿನಲ್ಲಿ ಟೊಮೆಟೊ ತುಂಬಿ ಕೋಲಾರದ ಎಪಿಎಂಸಿಗೂ ಕಳಿಸಬಹುದಿತ್ತು ಎಂದಾದರೆ ಅದು ಬೇರೆಯದೇ ವ್ಯವಹಾರ. ನನ್ನ ಒಲವು ವ್ಯಾಪಾರಿಯ ಕಡೆಗೆ. ಕ್ರೇಟ್ ಕರಾರು ಬರೆಸಿದವರು ಕಾರ್ಖಾನೆಯವರೇ. ಬೇಕಿದ್ದರೆ ಒಂದು ಸಾಲು ಸೇರಿಸಲು ಅವರಿಗೇನು ಕಷ್ಟವಿತ್ತು?

ವ್ಯಾಪಾರಿ ಮಾತ್ರ ತಡಮಾಡಬಾರದು. ಅಧಿಕಾರವಿಲ್ಲ ಅನ್ನುವ ಆಕ್ಷೇಪವನ್ನು ಕೌಂಟರ್ ಕ್ಲೇಮಿಗೆ ಉತ್ತರ ಕೊಡುವುದರೊಳಗೆ ಎತ್ತಬೇಕು. 16ನೇ ಸೆಕ್ಷನ್ ಪ್ರಕಾರ ಅದನ್ನು ಮೊದಲು ತೀರ್ಮಾನಿಸುವವರು ಆರ್ಬಿಟ್ರೇಟರೇ. ಆಕ್ಷೇಪ ಒಪ್ಪಿ ಕೌಂಟರ್ ಕ್ಲೇಮ್ ಕೈಬಿಟ್ಟರೆ ಕಾರ್ಖಾನೆಯವರು ಕೂಡಲೇ ಮೇಲ್ಮನವಿ ಹಾಕಬಹುದು. ಒಪ್ಪದಿದ್ದರೆ ವ್ಯಾಪಾರಿ ಕೊನೆಯ ತೀರ್ಪಿನವರೆಗೆ ಕಾದು, ಆಮೇಲೆ ಅದನ್ನು ರದ್ದು ಮಾಡಿ ಅಂತ 34ನೇ ಸೆಕ್ಷನ್ ಹಿಡಿದು ಕೋರ್ಟಿಗೆ ಹೋಗಬೇಕು. ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಹೆಜ್ಜೆಹೆಜ್ಜೆಗೂ ಕೋರ್ಟಿಗೆ ಓಡುವುದಾದರೆ ಆರ್ಬಿಟ್ರೇಷನ್ ಯಾಕೆ ಬೇಕಿತ್ತು?

ಇನ್ನು ಕೈಬಿಟ್ಟ 6 ಲಕ್ಷ ಮುಳುಗಿತು ಅಂತಲ್ಲ. ಅದಕ್ಕೆ ಕೋರ್ಟಿನಲ್ಲಿ ಬೇರೆ ದಾವೆ ಹಾಕಬಹುದು. ಇಂಥ ಬಾಕಿಗೆ ಸಾಮಾನ್ಯವಾಗಿ 3 ವರ್ಷದ ಗಡುವು ಇರುತ್ತದೆ. ನಮಸ್ಕಾರ.