ಎಂಜಿನ್ ಮೇಲೆ, ಟ್ಯಾಂಕ್ ಕೆಳಗೆ

ನಮಸ್ಕಾರ. ಮಕ್ಕಳ ಜೊತೆ ಮೇಷ್ಟ್ರುಗಳೂ ಕೇಳ್ತಿದ್ದೀರಿ ಅಂದುಕೊಂಡಿದ್ದೇನೆ. ನಾನು ಮ್ಯೂಸಿಯಂಗಳಿಗೆ, ಶಾಲೆಗಳಿಗೆ ಮಾದರಿ ಮಾಡಿಕೊಡುವವನು. ಇವತ್ತು ಒಂದೇ ಒಂದು ರಾಕೆಟ್ ಬಗ್ಗೆ ಮಾತು.

1926ರ ಮಾರ್ಚ್ 16. ಅಮೆರಿಕದ ಆಬರ್ನ್ ಅನ್ನೋ ಊರು. ನೆಲದ ಮೇಲೆ ಹಿಮ. ವಿಜ್ಞಾನಿ ರಾಬರ್ಟ್ ಗೊಡ್ಡಾರ್ಡ್ ತಮ್ಮ ಸಂಬಂಧಿಕರ ತೋಟದಲ್ಲಿ ರಾಕೆಟ್ ಹಾರಿಸಿದರು. ಪೆಟ್ರೋಲ್ ಮತ್ತು ದ್ರವ ಆಮ್ಲಜನಕ ಉರಿಸಿದ ರಾಕೆಟ್. ಎರಡೂವರೆ ಸೆಕೆಂಡ್ ಹಾರಿತು. 41 ಅಡಿ ಮೇಲೇರಿ, 184 ಅಡಿ ದೂರದಲ್ಲಿ ಬಿತ್ತು. ಅಷ್ಟೇ. ಆದರೆ ದ್ರವ ಇಂಧನದ ರಾಕೆಟ್ ಹಾರಿದ್ದು ಅದೇ ಮೊದಲು.

ಸುಮಾರು 10 ಅಡಿ ಎತ್ತರ. ಮೈಗೆ ಹೊದಿಕೆ ಇಲ್ಲ. ನೋಡಿದರೆ ಏಣಿ ಅನ್ನಬೇಕು. ಮುಖ್ಯ ವಿಷಯ: ಎಂಜಿನ್ ಮೇಲೆ, ಟ್ಯಾಂಕ್ ಕೆಳಗೆ.

ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ಇದರ 2 ಅಡಿಯ ಮಾದರಿ ಮಾಡಿಕೊಟ್ಟಿದ್ದೆ. ಹಿತ್ತಾಳೆ ಕೊಳವೆ, ಬೆಸುಗೆಗೇ ಮೂರು ರಾತ್ರಿ ಹೋಯಿತು. ಮೇಲಿನ ಬೆಂಕಿ ಟ್ಯಾಂಕಿಗೆ ತಾಗಬಾರದು ಅಂತ ಗೊಡ್ಡಾರ್ಡ್ ಟ್ಯಾಂಕಿನ ತಲೆಗೆ ಟೋಪಿಯಂಥ ಶಂಕು ಹಾಕಿದ್ದರು. ಅದನ್ನೂ ತಗಡಿನಲ್ಲಿ ಮಡಿಸಿದ್ದೆ. ಉದ್ಘಾಟನೆಯ ದಿನ ಹೋಗಿ ನೋಡ್ತೀನಿ, ರಾಕೆಟ್ ತಲೆಕೆಳಗಾಗಿ ನಿಂತಿದೆ! ಟೋಪಿ ಲಾಳಿಕೆಯ ಹಾಗೆ ಮೂತಿ ಕೆಳಗೆ ಮಾಡಿದೆ. ಎಂಜಿನ್ನಿನ ಬಾಯಿ ಆಕಾಶ ನೋಡ್ತಿದೆ. ಹಾರಿದರೆ ನೆಲದೊಳಗೇ ಹಾರಬೇಕು. ಮೇಷ್ಟ್ರು ನಗುತ್ತಾ ಬಂದರು: “ಉಲ್ಟಾ ಜೋಡಿಸಿಬಿಟ್ಟಿದ್ರಿ ಸಾರ್, ನಾವೇ ಸರಿ ಮಾಡಿದ್ವಿ.” ಸರಿ ಮಾಡಿದ್ರಂತೆ! ತಿರುಗಿಸಿ ಇಡೋಣ ಅಂದರೆ ಬುಡಕ್ಕೆ ಅಂಟು ಬೇರೆ ಹಾಕಿದ್ದರು. ಅತಿಥಿಗಳು ರಿಬ್ಬನ್ ಕತ್ತರಿಸಿ ಒಳಗೆ ಬರುವಾಗ ನಾನಿನ್ನೂ ಚಾಕು ಹಿಡಿದು ಕೆರೀತಾ ಕೂತಿದ್ದೆ.

ಯಾಕೆ ಹಾಗೆ ಕಟ್ಟಿದರು? ಎತ್ತು ಮುಂದೆ ನಿಂತು ಗಾಡಿ ಎಳೆದ ಹಾಗೆ, ಎಂಜಿನ್ ಮೇಲಿದ್ದು ಎಳೆದರೆ ರಾಕೆಟ್ ನೆಟ್ಟಗೆ ಹೋಗುತ್ತದೆ ಅನ್ನೋ ಲೆಕ್ಕ. ತಪ್ಪು ಲೆಕ್ಕ. ಎತ್ತಿನ ಕಾಲು ನೆಲದ ಮೇಲಿದೆ, ಗಾಡಿ ವಾಲಿದರೂ ಎತ್ತು ವಾಲುವುದಿಲ್ಲ. ಇಲ್ಲಿ ಎಂಜಿನ್ನೂ ಟ್ಯಾಂಕೂ ಒಂದೇ ಚೌಕಟ್ಟು. ಟ್ಯಾಂಕ್ ವಾಲಿದರೆ ಎಂಜಿನ್ನೂ ವಾಲಿತು, ಅಲ್ವಾ? ಮುಂದೆ ಗೊಡ್ಡಾರ್ಡ್ ತಾವೇ ಎಂಜಿನ್ ಕೆಳಕ್ಕೆ ತಂದರು. ಆದರೆ ಮಾರ್ಚ್‌ನ ರಾಕೆಟ್‌ನಲ್ಲಿ ಅದು ಮೇಲೇ ಇತ್ತು. ಮಾದರಿಯಲ್ಲೂ ಮೇಲೇ ಇರಬೇಕು.

ಸಮಯ ಆಯಿತು ಅಂತ ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ. ಇಂಧನ ಒಳಗೆ ಹೋಗುವ ಬಗೆ ಹೇಳಬೇಕಿತ್ತು, ಬಿಡಿ. ಹಾರಾಟದ ಚಿತ್ರವೂ ಇಲ್ಲ: ಗೊಡ್ಡಾರ್ಡ್ ಹೆಂಡತಿ ಎಸ್ತರ್ ಹಿಡಿದಿದ್ದ, ಕೀಲಿ ಕೊಟ್ಟು ಓಡಿಸುವ ಮೂವಿ ಕ್ಯಾಮೆರಾ 7 ಸೆಕೆಂಡಿಗೇ ನಿಂತುಹೋಗಿತ್ತು, ರಾಕೆಟ್ ಇನ್ನೂ ನೆಲ ಬಿಟ್ಟಿರಲಿಲ್ಲ. ಆದರೆ ದಪ್ಪ ಕೋಟು, ಟೋಪಿ ಹಾಕಿಕೊಂಡು ಗೊಡ್ಡಾರ್ಡ್ ರಾಕೆಟ್ ಪಕ್ಕ ನಿಂತ ಫೋಟೋ ಇದೆ. ಮಾದರಿಗೆ ಅಂಟು ಹಾಕುವ ಮುಂಚೆ ಅದನ್ನೊಮ್ಮೆ ನೋಡಿ, ಮೇಷ್ಟ್ರೇ. ನಮಸ್ಕಾರ.